ಮಳೆಯ ಇಂಚು, ಮನೆಯ ಹೆಸರು

ಕೊಡಗಿನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವವರು ಹವಾಮಾನ ಇಲಾಖೆಯವರು. ತೋಟದವರ ಬಾಯಲ್ಲಿ ಅದು ಇವತ್ತಿಗೂ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ‘ನಿಮ್ಮಲ್ಲಿ ಎಷ್ಟು ಬಂತು?’ ಎಂದು ಒಬ್ಬರು ಕೇಳಿದರೆ ‘ಎಂಬತ್ತು ಸೆಂಟು’ ಎನ್ನುತ್ತಾರೆ ಇನ್ನೊಬ್ಬರು. ಹೊಳೆಯಾಚೆಯವರಿಗೆ ಒಂದೂಕಾಲು ಇಂಚು ಬಿತ್ತಂತೆ ಎಂದು ಗೊತ್ತಾದರೆ ಇಬ್ಬರೂ ಸೇರಿ ಸಣ್ಣಗೆ ಹೊಟ್ಟೆ ಉರಿಸಿಕೊಳ್ಳುತ್ತಾರೆ. ದೇಶ ಮೆಟ್ರಿಕ್ ಪದ್ಧತಿಗೆ ಬದಲಾಗಿ ಅರವತ್ತು ವರ್ಷ ದಾಟಿದರೂ ಮಡಿಕೇರಿಯ ‘ಶಕ್ತಿ’ ದಿನಪತ್ರಿಕೆ ತನ್ನ ಓದುಗರ ಈ ಲೆಕ್ಕವನ್ನು ಕೈಬಿಟ್ಟಿಲ್ಲ. ಯಾವ ಕಡೆಗೆ ಎಷ್ಟು ಇಂಚು ಎಂಬ ಪಟ್ಟಿಯಿಲ್ಲದೆ ಮಳೆಗಾಲದ ಪತ್ರಿಕೆ ಅಲ್ಲಿಯವರಿಗೆ ಪತ್ರಿಕೆ ಅನ್ನಿಸುವುದೇ ಇಲ್ಲ. ಊರಿನ ಪತ್ರಿಕೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆ ಪಟ್ಟಿಯನ್ನು.

ಹೊರಗಿನವರಿಗೆ ಅದು ಬರೀ ಅಂಕಿ, ತೋಟದವರಿಗೆ ವರ್ಷದ ಫಸಲು. ಫೆಬ್ರುವರಿ, ಮಾರ್ಚಿನಲ್ಲಿ ರೊಬಸ್ಟಾ ಗಿಡ ಮೊಗ್ಗು ಕಟ್ಟಿಕೊಂಡು ಕಾಯುತ್ತಿರುತ್ತದೆ. ಒಂದು ಇಂಚಿನಷ್ಟಾದರೂ ಮಳೆ ಬಿದ್ದರೆ ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅದು ಹೂಮಳೆ. ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬರಬೇಕು. ಬೆಳೆಗಾರರು ಅದನ್ನು ‘ಬ್ಯಾಕಿಂಗ್’ ಎನ್ನುತ್ತಾರೆ. ಇಪ್ಪತ್ತು ಸೆಂಟು ಉದುರಿ ಮೋಡ ಚದುರಿದರೆ ಮೊಗ್ಗು ಅರೆಬರೆ ಬಿರಿದು ವರ್ಷದ ಫಸಲೇ ಏರುಪೇರಾಗುತ್ತದೆ. ಈ ಮಳೆಗೆ ಹದ್ದುಬಸ್ತೂ ಇಲ್ಲ. ಒಂದು ತೋಟಕ್ಕೆ ಬಿದ್ದು ಪಕ್ಕದ ತೋಟವನ್ನು ಬಿಟ್ಟು ಹೋಗುತ್ತದೆ. ರಾಜ್ಯಮಟ್ಟದ ಪತ್ರಿಕೆ ‘ಕೊಡಗಿನಲ್ಲಿ ಉತ್ತಮ ಮಳೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದು. ಸುಂಟಿಕೊಪ್ಪಕ್ಕೆ ಸುರಿದು ಸಿದ್ದಾಪುರವನ್ನು ಮರೆತ ಮಳೆ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಊರಿನ ಪತ್ರಿಕೆಗೆ ಸಿಗುತ್ತದೆ, ಸಿಗಲೇಬೇಕು. ಸಿಗದಿದ್ದರೆ ಸಿದ್ದಾಪುರದಿಂದ ಬೆಳಿಗ್ಗೆಯೇ ಫೋನು ಬರುತ್ತದೆ.

‘ಶಕ್ತಿ’ಯನ್ನು ಬಿ.ಎಸ್. ಗೋಪಾಲಕೃಷ್ಣ ಅವರು ಆರಂಭಿಸಿದ್ದು 1957ರಲ್ಲಿ. ಈ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. ಅದರ ಹಿಂದಿನ ವರ್ಷದ ನವೆಂಬರ್ 1ರವರೆಗೆ ಕೊಡಗು ಒಂದು ರಾಜ್ಯವಾಗಿತ್ತು. ‘ಸಿ’ ದರ್ಜೆಯದಾದರೇನು, 24 ಸದಸ್ಯರ ತನ್ನದೇ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು, ಮಡಿಕೇರಿ ರಾಜಧಾನಿಯಾಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರಿಗೆ ಸೇರಿತು. ರಾಜಧಾನಿ ರಾತ್ರಿ ಬೆಳಗಾಗುವುದರೊಳಗೆ ಜಿಲ್ಲಾ ಕೇಂದ್ರವಾಯಿತು. ಮಂತ್ರಿಯನ್ನು ಕಾಣಬೇಕಾದರೆ ಪೇಟೆಯ ಏರು ಹತ್ತಿದರೆ ಸಾಕಾಗಿದ್ದವರು ಬೆಂಗಳೂರಿನ ಬಸ್ಸು ಹಿಡಿಯಬೇಕಾಯಿತು. ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬೆಂಗಳೂರಿನಲ್ಲಿ ಅಚ್ಚಾದ ಪತ್ರಿಕೆ ಘಟ್ಟದ ರಸ್ತೆ ಹತ್ತಿ ಬರುವಷ್ಟರಲ್ಲಿ ಹೊತ್ತೇರಿರುತ್ತಿತ್ತು, ಮಳೆಗಾಲದಲ್ಲಿ ಒಮ್ಮೊಮ್ಮೆ ದಿನವೇ ಕಳೆದಿರುತ್ತಿತ್ತು. ಅಧಿಕಾರ ಘಟ್ಟ ಇಳಿದು ಹೋದ ಮಾರನೆಯ ವರ್ಷವೇ ಮಡಿಕೇರಿಯ ಮಾತನ್ನು ಮಡಿಕೇರಿಯಲ್ಲೇ ಅಚ್ಚು ಹಾಕುವ ಪತ್ರಿಕೆ ಹುಟ್ಟಿದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

‘ಶಕ್ತಿ’ ಇಲ್ಲಿ ಬಿದ್ದ ಮೊದಲ ಬೀಜವೂ ಅಲ್ಲ. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಪಂದ್ಯಂಡ ಬೆಳ್ಯಪ್ಪನವರು ಸಂಪಾದಿಸಿದ ‘ಕೊಡಗು’ ವಾರಪತ್ರಿಕೆ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಒಂದು ಸ್ವಾರಸ್ಯವಿದೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, ಮುಂದೆ 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿದ. ಆನಂದಪುರ ಎಂಬ ಊರು ಕಟ್ಟಿದ. 1855ರಲ್ಲಿ ಕೊಡಗಿನ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕವನ್ನೂ ಬರೆದ. ಕೊಡಗಿನಲ್ಲಿ ಅವನು ಪತ್ರಿಕೆ ಮಾಡಲಿಲ್ಲ, ಅದು ಬೇರೆ ಮಾತು. ಆದರೆ ಕನ್ನಡದ ಮೊದಲ ಪತ್ರಿಕೆ ತಲೆಯ ಮೇಲೆ ಹೊತ್ತಿದ್ದು ನಾಡಿನ ಹೆಸರನ್ನಲ್ಲ, ಒಂದು ಪೇಟೆಯ ಹೆಸರನ್ನು. ಅದರಲ್ಲಿ ಊರ ವರ್ತಮಾನಕ್ಕೆ ಒಂದು ಜಾಗವೇ ಇತ್ತು. ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆಯ ವೇದಿಕೆಗಳಲ್ಲಿ ಮೋಗ್ಲಿಂಗನ ಪಟಕ್ಕೆ ಹಾರ ಹಾಕಿ ರಾಜಧಾನಿಯ ಮಾಧ್ಯಮಗಳ ಬಗ್ಗೆ ಭಾಷಣ ಮಾಡುವಾಗ ಇದನ್ನು ನೆನೆಯುವವರು ಕಡಿಮೆ.

ಕೊಡಗಿನ ಮನೆಗಳೊಳಗೆ ಆಡುವ ಮಾತು ಒಂದೇ ಅಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳಂ, ಯರವರ ನುಡಿ, ಕುರುಬರ ನುಡಿ. ಕೊಡವ ತಕ್ಕ್‌ನಲ್ಲೇ ‘ಬ್ರಹ್ಮಗಿರಿ’, ‘ಪೂಮಾಲೆ’ ಎಂಬ ವಾರಪತ್ರಿಕೆಗಳೂ ಬಂದವು. ಆದರೂ ಇವರೆಲ್ಲ ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರು ಓದಿದ್ದು ಕನ್ನಡ ಪತ್ರಿಕೆಯಲ್ಲಿ. ವಿರಾಜಪೇಟೆಯ ಅಂಗಡಿಯವರಿಗೆ ಭಾಗಮಂಡಲದ ಗೌಡರ ಮನೆಯ ಮದುವೆ, ಸೋಮವಾರಪೇಟೆಯವರಿಗೆ ನಾಪೋಕ್ಲಿನ ಮಸೀದಿಯ ಉರೂಸು ತಿಳಿದದ್ದು ಹೀಗೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ, ರಾಜ್ಯದಲ್ಲೇ ಕಡಿಮೆ. ಮಡಿಕೇರಿ ಪೇಟೆಯದು ಮೂವತ್ಮೂರು ಸಾವಿರ ಚಿಲ್ಲರೆ. ಇಷ್ಟು ಜನರನ್ನು ನೆಚ್ಚಿಕೊಂಡು ದಿನಪತ್ರಿಕೆಯೊಂದು ಆರು ದಶಕಕ್ಕೂ ಹೆಚ್ಚು ಕಾಲ ನಡೆದುಬಂದಿದೆ ಎಂದರೆ ಅದು ಸಂಪಾದಕೀಯದ ಬಲದಿಂದ ಮಾತ್ರ ಅಲ್ಲ ಎಂಬುದು ಪತ್ರಿಕಾ ಕಸುಬಿನವರಿಗೆಲ್ಲ ಗೊತ್ತು.

ಮೊಳೆ ಜೋಡಿಸುತ್ತಿದ್ದ ಕಾಲ

ಐವತ್ತು, ಅರವತ್ತರ ದಶಕದ ಸಣ್ಣ ಊರಿನ ಪ್ರೆಸ್ಸು ಹೇಗಿರುತ್ತಿತ್ತು ಎಂದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದು ಕಷ್ಟ. ಓರೆಯಾಗಿ ನಿಲ್ಲಿಸಿದ ಮರದ ಕೇಸುಗಳು. ಪ್ರತಿಯೊಂದರಲ್ಲೂ ಪುಟ್ಟ ಪುಟ್ಟ ಖಾನೆಗಳು, ಖಾನೆಯೊಳಗೆ ಸೀಸದ ಮೊಳೆಗಳು. ಇಂಗ್ಲಿಷಿಗಾದರೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಸೇರಿ ಕೈಯಳತೆಯಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಗುಣಿತ, ಒತ್ತು, ದೀರ್ಘ, ಅರ್ಕಾವೊತ್ತು ಎಂದು ಖಾನೆಗಳು ನೂರಾರು. ಅಕ್ಷರ ತಲೆಕೆಳಗಾಗಿ, ಕನ್ನಡಿಯೊಳಗಿನ ಹಾಗೆ ತಿರುಗಾಮುರುಗಾ ಕಾಣುತ್ತದೆ. ಕಂಪೋಸಿಟರ್ ಎಡಗೈಯಲ್ಲಿ ಸ್ಟಿಕ್ ಹಿಡಿದು, ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಬಲಗೈಯನ್ನು ಅದರ ಪಾಡಿಗೆ ಬಿಡುತ್ತಿದ್ದ. ಕೈಗೆ ಖಾನೆಯ ದಾರಿ ಗೊತ್ತಿತ್ತು. ಸಾಲು ತುಂಬಿದರೆ ನಡುವೆ ಲೆಡ್ ಇಟ್ಟು ಗ್ಯಾಲಿಗೆ ಸಾಗಿಸುವುದು, ಪ್ರೂಫ್ ತೆಗೆಯುವುದು, ತಪ್ಪು ಮೊಳೆಯನ್ನು ಚಿಮಟದಿಂದ ಕಿತ್ತು ಸರಿಯಾದದ್ದನ್ನು ಕೂರಿಸುವುದು, ಪುಟ ಕಟ್ಟಿ ಚೇಸಿನಲ್ಲಿ ಬಿಗಿದು ಯಂತ್ರಕ್ಕೆ ಏರಿಸುವುದು. ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ಮಸಿ ತೊಳೆದು, ನಿನ್ನೆಯ ಸುದ್ದಿಯನ್ನು ಬಿಡಿಬಿಡಿಯಾಗಿ ಒಡೆದು ಪ್ರತಿ ಮೊಳೆಯನ್ನೂ ಅದರ ಖಾನೆಗೆ ಹಾಕಬೇಕು. ಇಲ್ಲದಿದ್ದರೆ ನಾಳೆಗೆ ಅಕ್ಷರವಿಲ್ಲ.

ಕೊಡಗಿನ ಪತ್ರಿಕೆಗೆ ಇದರಲ್ಲಿ ಇನ್ನೊಂದು ಪೀಕಲಾಟ ಇದ್ದಿರಲೇಬೇಕು ಎಂದು ನಾನು ಆಗಾಗ ಊಹಿಸಿಕೊಂಡು ನಕ್ಕಿದ್ದೇನೆ. ಕೊಡವರ ಮನೆಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಪಂದ್ಯಂಡ, ಪಾಂಡಂಡ, ಕುಂಡ್ಯೋಳಂಡ. ಒಂದು ಒಕ್ಕದ, ಅಂದರೆ ಮನೆತನದ, ಮದುವೆಗೆ ಬಂದ ನಾಲ್ಕು ಒಕ್ಕದವರ ಹೆಸರು ಬರೆದರೆ ಸೊನ್ನೆಯೂ ‘ಡ’ಕಾರವೂ ಖಾನೆಯಲ್ಲಿ ತಳ ಕಾಣಬೇಕು. ಬೆಂಗಳೂರಿನ ಫೌಂಡ್ರಿಯವರು ಕನ್ನಡದಲ್ಲಿ ಸಾಮಾನ್ಯವಾಗಿ ಯಾವ ಅಕ್ಷರ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಮೊಳೆ ಕಳಿಸುತ್ತಿದ್ದರು. ಆ ಲೆಕ್ಕದಲ್ಲಿ ಕೊಡಗಿನ ಮದುವೆ ಇರುತ್ತಿರಲಿಲ್ಲ.

ಫೋಟೊ ಎಂಬುದಂತೂ ಹಬ್ಬ. ಚಿತ್ರ ಅಚ್ಚಾಗಬೇಕಾದರೆ ಸತುವಿನ ಹಾಳೆಯ ಮೇಲೆ ಬ್ಲಾಕ್ ಮಾಡಿಸಬೇಕಿತ್ತು. ಸಣ್ಣ ಊರುಗಳಲ್ಲಿ ಬ್ಲಾಕ್ ಮಾಡುವವರು ಇರುತ್ತಿರಲಿಲ್ಲ. ದೊಡ್ಡ ಪೇಟೆಗೆ ಫೋಟೊ ಕಳಿಸಿ, ಬ್ಲಾಕ್ ಬಸ್ಸಿನಲ್ಲಿ ಬಂದು, ಅದು ಕೈಸೇರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಹಾಗಾಗಿ ಮಾಡಿಸಿದ ಬ್ಲಾಕನ್ನು ಎಸೆಯುವ ಮಾತಿಲ್ಲ. ಮಂತ್ರಿಯೊಬ್ಬರ ಬ್ಲಾಕ್ ಇದ್ದರೆ ಅವರು ಶಂಕುಸ್ಥಾಪನೆ ಮಾಡಿದಾಗಲೂ ಅದೇ, ರಾಜೀನಾಮೆ ಕೊಟ್ಟಾಗಲೂ ಅದೇ, ತೀರಿಕೊಂಡಾಗಲೂ ಅದೇ. ಕರ್ನಾಟಕದ ಯಾವ ಸಣ್ಣ ಊರಿನ ಹಳೆಯ ಪತ್ರಿಕೆಯ ಫೈಲು ತಿರುವಿದರೂ ಇಪ್ಪತ್ತು ವರ್ಷ ಕಳೆದರೂ ವಯಸ್ಸೇ ಆಗದ ರಾಜಕಾರಣಿಗಳು ಕಣ್ಣಿಗೆ ಬೀಳುತ್ತಾರೆ.

ಇಂಥ ಪತ್ರಿಕೆಗಳ ಇನ್ನೊಂದು ಗುಟ್ಟು ಮಾರ್ಚ್ ತಿಂಗಳಲ್ಲಿ ಬಯಲಾಗುತ್ತಿತ್ತು. ಪತ್ರಿಕೆ ಯಾರದು ಎಂಬ ಹೇಳಿಕೆಯನ್ನು ‘ಫಾರಂ 4’ ಎಂಬ ತಲೆಬರಹದಡಿ ವರ್ಷಕ್ಕೊಮ್ಮೆ, ಫೆಬ್ರುವರಿ ಮುಗಿದ ಮೇಲಿನ ಸಂಚಿಕೆಯಲ್ಲಿ ಅಚ್ಚು ಹಾಕಬೇಕೆಂಬ ನಿಯಮವಿತ್ತು. ಮುದ್ರಕರ ಹೆಸರು, ಪ್ರಕಾಶಕರ ಹೆಸರು, ಸಂಪಾದಕರ ಹೆಸರು, ಮಾಲೀಕರ ಹೆಸರು. ಸಣ್ಣ ಪತ್ರಿಕೆಯಲ್ಲಿ ನಾಲ್ಕೂ ಜಾಗದಲ್ಲಿ ಬಹುಪಾಲು ಒಬ್ಬರದೇ ಹೆಸರು. ವರದಿಗಾರರೂ ಅವರೇ, ಜಾಹೀರಾತು ಕೇಳಲು ಅಂಗಡಿ ಅಂಗಡಿ ಅಲೆಯುವವರೂ ಅವರೇ, ಸುಸ್ತಿದಾರ ಚಂದಾದಾರರಿಗೆ ಕಾರ್ಡು ಬರೆಯುವವರೂ ಅವರೇ ಎಂಬುದು ಮಾತ್ರ ಫಾರಮ್ಮಿನಲ್ಲಿ ಇರುತ್ತಿರಲಿಲ್ಲ. ಮನೆಯವರೆಲ್ಲ ಸಂಜೆ ಕೂತು ಪತ್ರಿಕೆ ಮಡಚಿ, ಅಂಟು ಹಚ್ಚಿ, ವಿಳಾಸದ ಚೀಟಿ ಮೆತ್ತುತ್ತಿದ್ದ ಎಷ್ಟೋ ಸಂಪಾದಕರ ಸಂಸಾರಗಳು ನಮ್ಮ ನಾಡಿನಲ್ಲಿದ್ದವು. ಅಂಚೆ ಇಲಾಖೆಯ ರಿಯಾಯಿತಿ ಅವುಗಳಿಗೆ ಉಸಿರು. ನೋಂದಾಯಿತ ಪತ್ರಿಕೆಯ ಹಗುರ ಪ್ರತಿಯೊಂದಕ್ಕೆ 25 ಪೈಸೆಯ ಅಂಚೆ ದರ, ಬೇರೆಲ್ಲದರ ಬೆಲೆ ಆಕಾಶಕ್ಕೇರಿದ ಮೇಲೂ ಬಹುಕಾಲ ಹಾಗೇ ಉಳಿಯಿತು. ಕೊಡಗಿನಿಂದ ದೂರ, ಸೇನೆಯಲ್ಲೋ ಬೊಂಬಾಯಿಯ ಕಚೇರಿಯಲ್ಲೋ ಇದ್ದವರಿಗೆ ಊರು ತಲುಪುತ್ತಿದ್ದದ್ದು ಆ ನಾಲ್ಕಾಣೆಯ ದಾರಿಯಲ್ಲಿ. ನಾಲ್ಕು ದಿನ ತಡವಾಗಿ, ಮಡಿಕೆ ಹರಿದು.

ತೋಟದ ಮನೆಗೆ ಪತ್ರಿಕೆ ಹೋಗುತ್ತಿದ್ದ ಬಗೆ ಬೇರೆ. ಬಸ್ಸಿನ ಕಂಡಕ್ಟರು ಕಟ್ಟನ್ನು ಸರ್ಕಲ್ಲಿನ ಅಂಗಡಿಯ ಮುಂದೆ ಬಿಸಾಕುತ್ತಾನೆ. ತೋಟದ ಟಪಾಲಿನ ಆಳು ಬಂದು ಕಾಗದಗಳ ಜೊತೆ ಪತ್ರಿಕೆಯನ್ನೂ ಚೀಲಕ್ಕೆ ಹಾಕಿಕೊಂಡು ಎರಡು ಮೂರು ಮೈಲಿ ನಡೆಯುತ್ತಾನೆ. ಜೂನ್, ಜುಲೈನಲ್ಲಿ ಮನೆ ಸೇರುವ ಹೊತ್ತಿಗೆ ಕಾಗದ ಒದ್ದೆ ಹಪ್ಪಳ. ಅದನ್ನು ಒಲೆಯ ಹತ್ತಿರ ಒಣಗಿಸಿ ಓದಿದವರು ಎಷ್ಟೋ ಜನ. ದಿನಗಟ್ಟಲೆ ಕರೆಂಟಿಲ್ಲದ ಮಳೆಗಾಲದಲ್ಲಿ ಅದೇ ರೇಡಿಯೊ, ಅದೇ ಟಿ.ವಿ.

ಸತ್ತವರ ಸುದ್ದಿ, ಇದ್ದವರ ನಂಟು

ಊರಿನ ಪತ್ರಿಕೆಯಲ್ಲಿ ಜನ ಮೊದಲು ಓದುವುದೇನು ಎಂದು ತಿಳಿಯಲು ಯಾವ ಸಮೀಕ್ಷೆಯೂ ಬೇಕಿಲ್ಲ. ನಿಧನ ವಾರ್ತೆ. ಅದು ಮುಗಿದ ಮೇಲೆ ಮುಖಪುಟ.

ಕೊಡವರಲ್ಲಿ ಹುಟ್ಟು ಸಾವು ಎರಡನ್ನೂ ಕೋವಿ ಸಾರುತ್ತಿತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ಸದ್ದು ಕೇಳಿದ ಮನೆಯವರು ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡುತ್ತಿದ್ದರು. ಕೋವಿಯ ಸದ್ದು ಒಂದು ಊರಿನ ಗಡಿ ದಾಟುವುದಿಲ್ಲ. ಮಕ್ಕಳು ಮೈಸೂರು, ಬೆಂಗಳೂರು ಎಂದು ಚದುರಿ, ನಂಟರು ಮೂರು ತಾಲ್ಲೂಕುಗಳಲ್ಲಿ ಹಂಚಿಹೋದ ಮೇಲೆ ಎರಡು ಗುಂಡಿನ ಕೆಲಸವನ್ನು ಪತ್ರಿಕೆ ವಹಿಸಿಕೊಂಡಿತು. ಅದರ ಒಕ್ಕಣೆ ಇಡೀ ಕರ್ನಾಟಕಕ್ಕೆ ಬಾಯಿಪಾಠ: ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ. ಕೊಡಗಿನಲ್ಲಿ ಇದಕ್ಕೆ ಒಂದು ಸಾಲು ಹೆಚ್ಚು. ತೀರಿಕೊಂಡವರು ಹೆಂಗಸಾದರೆ ಗಂಡನ ಒಕ್ಕದ ಹೆಸರು ಮಾತ್ರ ಸಾಲದು, ತಾಮನೆ ಯಾವುದು ಎಂಬುದೂ ಬರಬೇಕು, ಅಂದರೆ ತವರು. ಆ ಒಂದು ಸಾಲಿನಿಂದ ಎರಡು ಮನೆತನಗಳು ಸೂತಕ ತಿಳಿಯುತ್ತವೆ. ವಂಶಾವಳಿ ಹುಡುಕುವವರು ಇವತ್ತು ಹಳೆಯ ಪತ್ರಿಕೆಯ ಫೈಲು ಕೇಳಿಕೊಂಡು ಬರುತ್ತಾರಾದರೆ ಈ ಸಾಲಿಗಾಗಿ. ಸಂಪಾದಕೀಯ ಓದಲು ಬರುವವರನ್ನು ನಾನು ಕಂಡಿಲ್ಲ. ಇದನ್ನು ಹೇಳುವಾಗ ಸಂಪಾದಕರುಗಳಿಗೆ ಬೇಸರವಾಗಬಹುದು; ಆದರೆ ಊರಿನ ಪತ್ರಿಕೆಯಲ್ಲಿ ಅವರು ರಾತ್ರಿ ಕೂತು ಬೆವರಿಳಿಸಿ ಬರೆದದ್ದು ಮರೆತುಹೋಗಿ, ಐದು ನಿಮಿಷದಲ್ಲಿ ಗೀಚಿದ್ದು ಉಳಿದಿದೆ.

ಜನರ ನೆನಪಿನಲ್ಲಿ ಉಳಿದ ಬಾಕಿ ಸಂಗತಿಗಳೂ ಇಂಥವೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ನಂಬರುಗಳು. ನಂಬರು ಇಲ್ಲದಿದ್ದರೆ ಅಚ್ಚಿನ ದೋಷ ಇರಬಹುದೆಂದು ಇನ್ನೊಂದು ಪತ್ರಿಕೆ ಹುಡುಕಿಕೊಂಡು ಓಡಿದ್ದು. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ ಯಾವ ಗಳಿಗೆಗೆ ಎಂಬ ಸೂಚನೆ. ಮಡಿಕೇರಿ ದಸರೆಯ ದಶಮಂಟಪಗಳಲ್ಲಿ ಯಾವುದಕ್ಕೆ ಬಹುಮಾನ ಎಂಬ ವರದಿ, ಅದರ ಮೇಲೆ ವಾರಗಟ್ಟಲೆ ನಡೆದ ವಾಗ್ವಾದ. ಶುಕ್ರವಾರದ ಸಂತೆಯ ದರ. ಕಳೆದುಹೋದ ಹಸು, ಸಿಕ್ಕಿದ ಪರ್ಸು. ‘ಇಂಥವನು ನನ್ನ ಮಗನಲ್ಲ, ಅವನ ಜೊತೆ ಯಾವ ವ್ಯವಹಾರ ಮಾಡಿದರೂ ನಾನು ಹೊಣೆಯಲ್ಲ’ ಎಂಬ ಧಾಟಿಯ ಪ್ರಕಟಣೆಗಳಂತೂ ಎಲ್ಲ ಊರಿನ ಪತ್ರಿಕೆಯಲ್ಲೂ ಉಂಟು. ಒಂದು ಕಾದಂಬರಿಗಾಗುವಷ್ಟು ಸಂಸಾರ ಮೂರು ಸಾಲಿನಲ್ಲಿ.

ಕಾಫಿಯ ಧಾರಣೆಗೆ ಮಾತ್ರ ಒಂದು ಚರಿತ್ರೆಯೇ ಇದೆ. 1990ರ ದಶಕದವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಆಗ ಪತ್ರಿಕೆಯಲ್ಲಿ ಹುಡುಕುತ್ತಿದ್ದದ್ದು ಮುಂದಿನ ಕಂತು ಯಾವಾಗ ಎಂಬುದನ್ನು. ಮುಕ್ತ ಮಾರಾಟ ಹಂತಹಂತವಾಗಿ ಬಂದ ಆ ದಿನಗಳಲ್ಲೇ, 1994ರಲ್ಲಿ, ಬ್ರೆಜಿಲಿನ ಕಾಫಿ ಸೀಮೆಯಲ್ಲಿ ಹಿಮ ಬಿದ್ದು ಬೆಳೆ ಸುಟ್ಟುಹೋಯಿತು. ಜಗತ್ತಿನಾದ್ಯಂತ ಬೆಲೆ ಗಗನಕ್ಕೇರಿತು. ಬ್ರೆಜಿಲಿನ ಚಳಿ ಹೀಗೆ ಗೋಣಿಕೊಪ್ಪದ ಮಾತಾಯಿತು. ಐವತ್ತು ಕೆಜಿ ಚೀಲಕ್ಕೆ ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು, ರೊಬಸ್ಟಾ ಚೆರಿ ಎಷ್ಟು, ಕರಿಮೆಣಸು ಕೆಜಿಗೆ ಎಷ್ಟು ಎಂಬ ನಾಲ್ಕು ಸಾಲಿಗಾಗಿ ಪತ್ರಿಕೆ ಕೊಳ್ಳುವವರು ಹುಟ್ಟಿಕೊಂಡರು.

ಇನ್ನು ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭಿಸಿದಾಗ ಬಂದದ್ದು 60 ಒಕ್ಕಗಳು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ಒಕ್ಕಗಳು ಬಂದು ಗಿನ್ನೆಸ್ ದಾಖಲೆಯಾಯಿತು. ದೊಡ್ಡ ಪತ್ರಿಕೆಗೆ ಇದರಲ್ಲಿ ಎರಡು ಸುದ್ದಿ: ಉದ್ಘಾಟನೆ ಮತ್ತು ಫೈನಲ್. ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದ ಒಕ್ಕಗಳ ಸುದ್ದಿ ಹಾಕುವವರು ಯಾರು? ತಾತ, ಮೊಮ್ಮಗಳು ಒಂದೇ ತಂಡದಲ್ಲಿ ಆಡಿ ಐದು ಗೋಲಿನಲ್ಲಿ ಸೋತದ್ದು ಆ ಮನೆಯ ಪಾಲಿಗೆ ಮುಖಪುಟದ ವಿಷಯ. ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದಿದ್ದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಒಂದು ತಿಂಗಳ ‘ಂಡ’ಗಳಿಗೆ ಫೌಂಡ್ರಿಯನ್ನೇ ಊರಿಗೆ ತರಬೇಕಾಗುತ್ತಿತ್ತು.

ಹೆಸರಿಲ್ಲದವರು

ಹಳೆಯ ಪತ್ರಿಕೆಯ ನೆನಪು ಎಂದರೆ ಎಲ್ಲರೂ ಕಣ್ಣು ಮಿಟುಕಿಸಿ ಮುಗುಳ್ನಗುವ ವಿಷಯವಾಗಿಬಿಟ್ಟಿದೆ. ಅಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯ. ಊರಿನ ಪತ್ರಿಕೆಯಲ್ಲಿ ಊರಿನ ಎಲ್ಲರ ಹೆಸರೂ ಬರುತ್ತಿತ್ತು ಎಂಬುದು ಹೆಸರು ಬಂದವರ ನೆನಪು. ಕೊಡಗಿನ ತೋಟಗಳ ಲೈನುಮನೆಗಳಲ್ಲಿ ತಲೆಮಾರುಗಳಿಂದ ದುಡಿದ ಪಣಿಯ ಯರವರು, ಪಂಜರಿ ಯರವರು, ಕಾಡಂಚಿನ ಜೇನು ಕುರುಬರು ತೀರಿಕೊಂಡಾಗ ಬಂಧು ಬಳಗವನ್ನು ಅಗಲಿದ ವಾರ್ತೆ ಬರುತ್ತಿರಲಿಲ್ಲ. ಅವರು ಸುದ್ದಿಯಾದದ್ದು ಬೇರೆ ಕಾಲಮ್ಮಿನಲ್ಲಿ: ‘ಕಾಡಾನೆ ದಾಳಿ, ಕಾರ್ಮಿಕ ಸಾವು’. ತೋಟದ ಹೆಸರು ಇರುತ್ತದೆ, ಆನೆಯ ಚಹರೆ ಇರುತ್ತದೆ, ಸತ್ತವನದು ಒಂಟಿ ಹೆಸರು, ಅದೂ ಒಮ್ಮೊಮ್ಮೆ. ಇದು ಯಾವುದೋ ಒಂದು ಪತ್ರಿಕೆಯ ತಪ್ಪಲ್ಲ. ನಿಧನ ವಾರ್ತೆ ಬರೆದು ತಂದು ಕೊಡುವವರು ಬೇಕು, ಚಂದಾದಾರರಾಗಿರಬೇಕು, ಓದು ಬರಹ ಗೊತ್ತಿರಬೇಕು. ರಾಜ್ಯದ ಯಾವ ತಾಲ್ಲೂಕಿನ ಪತ್ರಿಕೆಯಲ್ಲೂ ಕೇರಿಯ ಸಾವಿನ ಕಥೆ ಹೀಗೇ ಇದೆ. ಜಾಹೀರಾತು ಕೊಡುವ ಅಂಗಡಿಯವನ ತೂಕದ ಮೋಸ ಬರೆಯುವುದು ಹೇಗೆ, ದಿನ ಬೆಳಗಾದರೆ ಎದುರಿಗೆ ಸಿಗುವ ಅಧಿಕಾರಿಯ ಲಂಚ ಬರೆಯುವುದು ಹೇಗೆ ಎಂಬ ಇಕ್ಕಟ್ಟೂ ಸಣ್ಣ ಊರಿಗೇ ಹೆಚ್ಚು. ಬೆಂಗಳೂರಿನ ಸಂಪಾದಕನಿಗೆ ಮಂತ್ರಿ ಬೈದರೆ ಅದು ಕೀರ್ತಿ. ಮಡಿಕೇರಿಯಂಥ ಊರಿನಲ್ಲಿ ಬೈದವನ ಮನೆಯ ಮದುವೆಗೆ ಮುಂದಿನ ವಾರ ಊಟಕ್ಕೆ ಹೋಗಬೇಕು.

ಹಾಗಿದ್ದೂ ಈ ಪತ್ರಿಕೆಗಳು ಬರೆದಿಟ್ಟದ್ದನ್ನು ಬೇರೆ ಯಾರೂ ಬರೆದಿಡಲಿಲ್ಲ ಎಂಬುದು ಉಳಿಯುವ ಮಾತು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಬೆಟ್ಟಗಳು ಕುಸಿದು, ಜೋಡುಪಾಲದಂಥ ಊರುಗಳಲ್ಲಿ ಮನೆಗಳು ಮಣ್ಣಿನಡಿ ಸೇರಿ, ಮಂಗಳೂರಿನ ರಸ್ತೆ ಕಡಿದುಹೋದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಬಂತು: ಇಷ್ಟು ಮಳೆ ಹಿಂದೆಂದಾದರೂ ಬಂದದ್ದುಂಟೆ? ‘ಬಂದಿತ್ತು, ಬೆಟ್ಟ ಬೀಳಲಿಲ್ಲ’ ಎಂದರು ಕೆಲವರು. ‘ಇಂಥದ್ದು ಕಂಡೇ ಇಲ್ಲ’ ಎಂದರು ಇನ್ನು ಕೆಲವರು. ಇದಕ್ಕೆ ನೆನಪಿನಿಂದ ಉತ್ತರ ಹೇಳಲಾಗುವುದಿಲ್ಲ. ಹವಾಮಾನ ಇಲಾಖೆಯ ಮಾಪನ ಕೇಂದ್ರಗಳು ಎಲ್ಲ ಊರಲ್ಲೂ ಇರಲಿಲ್ಲ. ಕೆಲವು ಹಳೆಯ ಎಸ್ಟೇಟುಗಳ ಮಳೆ ರಿಜಿಸ್ಟರುಗಳಿವೆ. ಅವು ಆ ಆಡಳಿತದವರ ಕಪಾಟಿನ ಆಸ್ತಿ. ಮಿಕ್ಕಂತೆ ಊರೂರಿನ ಲೆಕ್ಕ ಇರುವುದು ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ, ದಿನಕ್ಕೆ ನಾಲ್ಕೈದು ಸಾಲಿನಂತೆ.

ಆ ಸಂಚಿಕೆಗಳು ಎಲ್ಲಿವೆ? ಗ್ರಂಥಾಲಯಗಳಿಗೆ ಪ್ರತಿ ಒಪ್ಪಿಸಬೇಕೆಂಬ 1954ರ ಕಾನೂನನ್ನು 1956ರಲ್ಲಿ ಪತ್ರಿಕೆಗಳಿಗೂ ವಿಸ್ತರಿಸಲಾಗಿದೆ. ಅದರ ಪ್ರಕಾರ ಪ್ರತಿ ಸಂಚಿಕೆಯೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಮುಂತಾದ ಕಡೆ ಹೋಗಬೇಕು. ಕಂಪೋಸಿಟರಿಗೆ ಸಂಬಳ ಕೊಡಲು ಪರದಾಡುವ ಸಂಪಾದಕ ದಿನವೂ ಪ್ರತಿ ಕಟ್ಟಿ ಅಲ್ಲಿಗೆಲ್ಲ ಕಳಿಸುತ್ತಾ ಕೂತಾನೆಯೆ? ಕಳಿಸಿದವರು ಇದ್ದರೆ ಅವರಿಗೆ ನಮಸ್ಕಾರ. ಬಹುತೇಕ ಊರುಗಳಲ್ಲಿ ಪತ್ರಿಕೆಯ ಏಕೈಕ ಫೈಲು ಇರುವುದು ಕಚೇರಿಯ ಅಟ್ಟದಲ್ಲಿ. ಪತ್ರಿಕೆಯ ಕಾಗದ ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದ. ತನ್ನೊಳಗಿನ ಆಮ್ಲದಿಂದ ತಾನೇ ಹಳದಿಯಾಗಿ, ಮಡಿಕೆಯಲ್ಲಿ ಮುರಿಯುತ್ತದೆ. ಮಲೆನಾಡಿನ ತೇವ, ಗೆದ್ದಲು, ಬೆಳ್ಳಿಹುಳ ಮಿಕ್ಕ ಕೆಲಸ ಮುಗಿಸುತ್ತವೆ. ಸಂಪಾದಕರು ತೀರಿಕೊಂಡು ಮಕ್ಕಳು ಬೇರೆ ಕಸುಬಿಗೆ ಹೋದ ಊರುಗಳಲ್ಲಿ ಮೂವತ್ತು ನಲವತ್ತು ವರ್ಷದ ಬೈಂಡು ಕೆಜಿ ಲೆಕ್ಕದಲ್ಲಿ ಹೋಗಿದೆ. ‘ಶಕ್ತಿ’ಯ ಪುಣ್ಯ, ಅದು ಇನ್ನೂ ಬರುತ್ತಿದೆ, ಅಂತರ್ಜಾಲದಲ್ಲೂ ಸಿಗುತ್ತದೆ. ಎಲ್ಲ ಊರಿಗೂ ಆ ಅದೃಷ್ಟವಿಲ್ಲ. ‘ಮಂಗಳೂರ ಸಮಾಚಾರ’ ಎಂಟು ತಿಂಗಳು ಮಾತ್ರ ಮಂಗಳೂರಿನಿಂದ ಹೊರಟು, 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅದರಲ್ಲಿ ಏನಿತ್ತು ಎಂದು ನಾವು ಇವತ್ತು ಹೇಳಬಲ್ಲೆವೆಂದರೆ ಯಾರೋ ಪ್ರತಿಗಳನ್ನು ಜತನ ಮಾಡಿದ್ದರಿಂದ. ಮಿಷನ್ನಿನವರಿಗೆ ಕಾಗದ ಎತ್ತಿಡುವ ಅಭ್ಯಾಸ ಇತ್ತು, ನಮಗೆ ಇಲ್ಲ; ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಳ್ಳುವುದು ಒಳ್ಳೆಯದು.

ಮಾಧ್ಯಮ ಅಕಾಡೆಮಿಯೋ, ಗ್ರಂಥಾಲಯ ಇಲಾಖೆಯೋ, ವಿಶ್ವವಿದ್ಯಾಲಯಗಳೋ ಜಿಲ್ಲೆಗೊಂದರಂತೆ ಹಳೆಯ ಪತ್ರಿಕೆಗಳನ್ನು ಹುಡುಕಿ ಸ್ಕ್ಯಾನ್ ಮಾಡಿಸುವ ಕೆಲಸಕ್ಕೆ ಕೈಹಾಕಬೇಕು. ಅಭಿನಂದನ ಗ್ರಂಥಗಳಿಗೆ ಸುರಿಯುವ ದುಡ್ಡಿನಲ್ಲಿ ಸಣ್ಣದೊಂದು ಪಾಲು ಸಾಕು. ಅವರು ಮಾಡುವವರೆಗೆ ಮನೆಯವರು ಮಾಡಬಹುದಾದ್ದು ಸ್ವಲ್ಪ ಇದೆ. ನಮ್ಮ ಮನೆಗಳ ಆಲ್ಬಮ್ಮಿನಲ್ಲಿ, ಬೀರುವಿನ ಕಾಗದದ ಕಟ್ಟಿನಲ್ಲಿ ಪತ್ರಿಕೆಯ ತುಣುಕುಗಳಿವೆ: ಅಜ್ಜನ ನಿಧನ ವಾರ್ತೆ, ಅತ್ತೆಯ ರ‍್ಯಾಂಕು, ಅಣ್ಣನ ಹಾಕಿ ತಂಡ. ಹತ್ತರಲ್ಲಿ ಒಂಬತ್ತಕ್ಕೆ ತಾರೀಖೂ ಇಲ್ಲ, ಪತ್ರಿಕೆಯ ಹೆಸರೂ ಇಲ್ಲ. ಫೋಟೊ ಚೆಂದ ಕಾಣಲೆಂದು ಅಂಚನ್ನು ಕತ್ತರಿಸಿ ಎಸೆದಿರುತ್ತೇವೆ. ಅಂಥ ತುಣುಕು ನಿಮ್ಮ ಬಳಿ ಇದ್ದರೆ, ಇಸವಿ ಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇರುವಾಗಲೇ ಕೇಳಿ, ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೊ ತೆಗೆದಿಡಿ. ಇಡೀ ವರ್ಷದ ಫೈಲೇ ಅಟ್ಟದಲ್ಲಿದ್ದರೆ, ರದ್ದಿಯವನನ್ನು ಕರೆಯುವ ಮೊದಲು ನಿಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಗ್ರಂಥಪಾಲಕರಿಗೋ ಒಂದು ಫೋನ್ ಮಾಡಿ.